ಹಳೇ ಪುಸ್ತಕದಲ್ಲಿರುವ ಹೆಸರು

ಒಂದು ವಸ್ತುವನ್ನು ನ್ಯಾಯವಾದ ಕ್ರಯಕ್ಕೆ ಕೊಂಡವನಿಗೆ ಅದರ ವಿಷಯವಾಗಿ ಇನ್ನೇನಾದರೂ ಬಾಧ್ಯತೆ ಉಳಿಯುವದೋ? ಸಂತೆಯಲ್ಲಿ ಎತ್ತನ್ನು ಕೊಳ್ಳುವ ವಿವೇಕಿಯು ಹಲ್ಲನ್ನೂ ಸುಳಿಯನ್ನೂ ನೋಡಿ ಸುಮ್ಮನಾಗುವದಿಲ್ಲ. ಅದು ಯಾರ ಕೊಟ್ಟಿಗೆಯಿಂದ ಬಂತೆಂದು ಸಹ ವಿಚಾರಿಸುತ್ತಾನೆ. ಈ ಪ್ರಶ್ನೆಯನ್ನು ನಾವು ದೂರದೇಶದ ಒಂದು ಹವ್ಯಾಸವನ್ನು ನೋಡಿ ವಿಚಾರಮಾಡೋಣ.

ಕಡಿದಾದ ಬಂಡೆಗಳನ್ನು ಹತ್ತುವ ವಿದ್ಯೆಯನ್ನು ಕುರಿತು ಜರ್ಮನ್ ಭಾಷೆಯಲ್ಲಿ ಅನೇಕ ಪುಸ್ತಕಗಳು ಅಚ್ಚಾಗಿವೆ. ಎಮಿಲ್ ಜಿಗ್ಮೊಂಡಿ ಎಂಬ ತರುಣ ವೈದ್ಯನು ಆಲ್ಪ್ಸ್ ಪರ್ವತಗಳ ಅಪಾಯಗಳ ವಿಷಯವಾಗಿ 1885ರಲ್ಲಿ ಗ್ರಂಥವನ್ನು ಪ್ರಕಟಿಸಿ, ಅದೇ ವರುಷ ಪರ್ವತದಲ್ಲಿಯೇ ಬಿದ್ದು ಸತ್ತನು. ರೂಡೊಲ್ಫ್ ಫೇರ್ಮಾನನು 1908ರಲ್ಲಿ ಸ್ಯಾಕ್ಸನಿಯ ಮರಳುಗಲ್ಲಿನ ಬಂಡೆಗಳನ್ನು ಹತ್ತುವವರಿಗೆ ಮಾರ್ಗದರ್ಶಿಯನ್ನು ಬರೆದನು. ಇಂಥವುಗಳನ್ನು ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ ಕೂಡಿಸುವವರು ಈಗಲೂ ಇದ್ದಾರೆ. ಮೊದಲನೆಯ ಹಾಳೆಯನ್ನು ತಿರುವಿದರೆ ಅನೇಕ ಸಾರಿ ಹಿಂದಿನ ಒಡೆಯನ ಹೆಸರೋ ಮುದ್ರೆಯೋ ಕಾಣುವದು.

ಆ ಹೆಸರು ಯಾರದು? ಹತ್ತುವವರಲ್ಲಿ ಯೆಹೂದ್ಯರೂ ಬಹುಮಂದಿ ಇದ್ದರು. ಆದರೆ 1924ರಲ್ಲಿ ಜರ್ಮನ್ ಮತ್ತು ಆಸ್ಟ್ರಿಯನ್ ಆಲ್ಪೈನ್ ಸಂಘವು, ಹೆಚ್ಚಾಗಿ ಯೆಹೂದ್ಯರೇ ಸೇರಿದ್ದ ಡೊನಾವ್‌ಲಾಂಡ್ ಎಂಬ ಶಾಖೆಯನ್ನು ಹೊರಗೆ ಹಾಕಿತು. ತರುವಾಯ ನಾಜಿಗಳ ಆಳಿಕೆಯಲ್ಲಿ ಯೆಹೂದ್ಯರನ್ನು ಮನೆಗಳಿಂದ ಹಿಡಿದು ಸಾಗಿಸಿ, ಅವರ ಪಾತ್ರೆ ಬಟ್ಟೆ ಪುಸ್ತಕಗಳನ್ನು ಸರಕಾರವೇ ಕಿತ್ತುಕೊಂಡು ಮಾರಿತು. ಬರ್ಲಿನ್ ಪಟ್ಟಣದ ಗ್ರಂಥಾಲಯವೊಂದೇ 1943ರಲ್ಲಿ ಇಂಥ 40,000ಕ್ಕಿಂತ ಹೆಚ್ಚು ಪುಸ್ತಕಗಳನ್ನು ಕೊಂಡಿತು. ಅಲ್ಲಿಯವರು ಈಗ ಮುದ್ರೆಗಳನ್ನೂ ಕೈಬರಹಗಳನ್ನೂ ಪರೀಕ್ಷಿಸಿ, ಬಾಧ್ಯಸ್ಥರನ್ನು ಹುಡುಕಿ ಹಿಂದಕ್ಕೆ ಕೊಡುತ್ತಿದ್ದಾರೆ.

ಇಲ್ಲಿ ಒಬ್ಬನು, ನಾನು ಕದ್ದವನಲ್ಲ, ಹಣ ಕೊಟ್ಟವನು ಅನ್ನಬಹುದು. ಈ ಮಾತಿನಲ್ಲಿ ಸತ್ಯವುಂಟು. ಹೆಸರುಳ್ಳ ಹಳೇ ಪುಸ್ತಕಗಳೆಲ್ಲಾ ಸುಲಿಗೆಯ ಮಾಲೆಂದು ಹೇಳಕೂಡದು. ಎಷ್ಟೋ ಪುಸ್ತಕಗಳನ್ನು ಒಡೆಯರ ಮಕ್ಕಳೇ ಮಾರಿರುವರು. ಆದರೆ ಅಪರಾಧವು ಬೇರೆ, ಕರ್ತವ್ಯವು ಬೇರೆ. ನೆರೆಯವನ ಆಕಳು ತಾನಾಗಿ ನಮ್ಮ ಹಿತ್ತಲಿಗೆ ಬಂದರೆ ನಾವು ಕಳ್ಳರಲ್ಲ. ಒಡೆಯನಾರೆಂದು ಕೇಳದೆ ಹಾಲು ಕರೆಯುತ್ತಾ ಹೋದರೆ ನಿರ್ದೋಷಿಗಳೆಂದು ಹೇಳಿಕೊಳ್ಳುವದು ಹೇಗೆ? ಹಾಗೆಯೇ, ಹೆಸರನ್ನು ಕಂಡವನು ವಿಚಾರಿಸತಕ್ಕದ್ದು. ಮಾಲಿಗೆ ಕಳಂಕವೆಂದು ಆ ಹಾಳೆಯನ್ನು ಹರಿದು ಬಿಡುವವನಾದರೋ, ಹಿಂದೆ ನಡೆದ ಸುಲಿಗೆಯನ್ನು ತಾನೇ ಮುಗಿಸಿಕೊಟ್ಟಂತಾಯಿತು.

ಇದರಿಂದ ನಷ್ಟವಿಲ್ಲವೆಂದು ನಾವು ಹೇಳುವದಿಲ್ಲ. ಬಹುಕಾಲ ಹುಡುಕಿದ ಪುಸ್ತಕವನ್ನು ಕೊಟ್ಟುಬಿಟ್ಟರೆ ಕಪಾಟಿನಲ್ಲಿ ಒಂದು ಸ್ಥಳ ಬರಿದಾಗುವದು. ಆದರೆ ಅದನ್ನು ಹೊಂದುವ ಮೊಮ್ಮಗಳಿಗೆ ಅಜ್ಜನ ಕೈಬರಹವು ಅದೊಂದರಲ್ಲಿಯೇ ಉಳಿದಿದ್ದೀತು.

ಈ ವಿದ್ಯೆಯಲ್ಲಿ ಹೆಸರುಗೊಂಡವರೊಳಗೆ ಪೌಲ್ ಪ್ರೊಯ್ಸ್ ಎಂಬವನು ಒಬ್ಬನು. ಅವನ ತಂದೆಯು ಯೆಹೂದ್ಯ ವಂಶದವನು. ಬಂಡೆಗೆ ಕಬ್ಬಿಣದ ಮೊಳೆ ಬಡಿದು ಅದರ ಆಧಾರದಿಂದ ಹತ್ತುವದು ಯೋಗ್ಯವಲ್ಲವೆಂದೂ, ಸ್ವಂತ ಬಲದಿಂದ ಇಳಿಯಲಾರದ ಕಡೆ ಹತ್ತಕೂಡದೆಂದೂ ಅವನು 1911ರಲ್ಲಿ ವಾದಿಸಿದನು. 1913ರಲ್ಲಿ ಒಬ್ಬನೇ ಹತ್ತುತ್ತಿರುವಾಗ ಬಿದ್ದು 27ನೆಯ ವಯಸ್ಸಿನಲ್ಲಿ ತೀರಿಹೋದನು. ಶಿಖರವನ್ನು ಮುಟ್ಟಿದರೆ ಸಾಲದು, ಮುಟ್ಟಿದ ಬಗೆಯೂ ಶುದ್ಧವಾಗಿರಬೇಕೆಂಬದೇ ಅವನ ವಾದದ ಸಾರಾಂಶ. ಇಂಥವರ ಚರಿತ್ರೆಯನ್ನು ಪ್ರೀತಿಯಿಂದ ಕೂಡಿಸುವವನು ತನ್ನ ಕಪಾಟಿಗೂ ಅದೇ ನಿಯಮವನ್ನು ಅನ್ವಯಿಸಿಕೊಳ್ಳಲಿ. ನಾವು ಸಹ ನಮ್ಮ ಮನೆಯಲ್ಲಿ ಅಗ್ಗವಾಗಿ ಬಂದ ವಸ್ತು ಯಾವದಿದೆಯೋ ಅದು ಯಾರ ಕೈಯಿಂದ ಹೇಗೆ ಬಂತೆಂದು ಒಂದು ಸಾರಿ ಕೇಳಿ ನೋಡೋಣ.