ವೈದ್ಯಧರ್ಮದ ಎಲ್ಲೆ

ರೋಗಿಯ ಪ್ರಾಣವನ್ನು ಕಾಪಾಡುವುದು ವೈದ್ಯನ ಧರ್ಮವೆಂಬುದು ನಿರ್ವಿವಾದವಾದುದು. ಆದರೆ ಗುಣವಾಗುವ ಆಸೆಯು ಸಂಪೂರ್ಣವಾಗಿ ಅಳಿದ ಮೇಲೆಯೂ ಯಂತ್ರಬಲದಿಂದ ಉಸಿರನ್ನು ನಡೆಸುತ್ತಿರುವುದು ಧರ್ಮವೇ? ಭದ್ರಾವತಿಯ ಗೃಹಸ್ಥನೊಬ್ಬನು ತಂದೆಯನ್ನು ಶಿವಮೊಗ್ಗೆಯ ದೊಡ್ಡಾಸ್ಪತ್ರೆಗೆ ಸೇರಿಸಿದಾಗ ಎದುರಾಗಬಹುದಾದ ಪ್ರಶ್ನೆಯಿದು. ‘ಸಾಕು’ ಎಂದರೆ ಪಿತೃಹತ್ಯೆಯ ಪಾಪ ತಟ್ಟೀತೆಂದು ಅವನು ತಲ್ಲಣಿಸುತ್ತಾನೆ.

ಇಲ್ಲಿ ಎರಡು ಕ್ರಿಯೆಗಳ ಭೇದವನ್ನು ಅರಿಯಬೇಕು. ಮದ್ದಿಟ್ಟು ಕೊಲ್ಲುವುದು ಬೇರೆ. ನಿಷ್ಫಲವಾದ ಚಿಕಿತ್ಸೆಯನ್ನು ನಿಲ್ಲಿಸಿ ಸಹಜಮರಣಕ್ಕೆ ದಾರಿಬಿಡುವುದು ಬೇರೆ. ಮೊದಲನೆಯದರಲ್ಲಿ ಮರಣವನ್ನು ತರುವವನು ಮನುಷ್ಯ; ಎರಡನೆಯದರಲ್ಲಿ ರೋಗ. ಈ ಭೇದವನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಎತ್ತಿಹಿಡಿದು, 2023ರಲ್ಲಿ ಕ್ರಮವನ್ನು ಸರಳಗೊಳಿಸಿತು. ತದನುಸಾರವಾಗಿ ಕರ್ನಾಟಕದ ಆರೋಗ್ಯ ಇಲಾಖೆಯು 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಮೂವರು ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು; ಪ್ರಜ್ಞೆಯಿಲ್ಲದ ರೋಗಿಯು ಮೊದಲೇ ಇಚ್ಛೆಯನ್ನು ಬರೆದಿಡದಿದ್ದರೆ ಆಪ್ತಬಂಧುಗಳ ಸಮ್ಮತಿ ಬೇಕು. ಒಬ್ಬ ವೈದ್ಯನ ದಣಿವಾಗಲಿ, ಒಬ್ಬ ಮಗನ ಬಡತನವಾಗಲಿ ಇದನ್ನು ತೀರ್ಮಾನಿಸಕೂಡದೆಂಬುದೇ ಈ ಕಟ್ಟಳೆಯ ಮರ್ಮವೆನ್ನಬಹುದು.

ಆದರೂ ಒಂದು ಎಚ್ಚರ ಅಗತ್ಯ. ಚಿಕಿತ್ಸೆ ನಿಂತೊಡನೆ ಆರೈಕೆ ನಿಲ್ಲದು. ನೋವನ್ನು ತಣಿಸುವುದು, ಒಣಗಿದ ತುಟಿಯನ್ನು ತೋಯಿಸುವುದು, ಮೈಯನ್ನು ಶುಚಿಯಾಗಿಡುವುದು ಕಡೆಯ ಉಸಿರಿನವರೆಗೂ ಸಲ್ಲತಕ್ಕುವು. ಶರಣರಲ್ಲಿ ವೈದ್ಯ ಸಂಗಣ್ಣನೂ ಒಬ್ಬನು. ವೈದ್ಯವು ಅವನ ಕಾಯಕ. ರೋಗವನ್ನು ಗೆಲ್ಲಲಾರದ ಗಳಿಗೆಯಲ್ಲಿಯೂ ರೋಗಿಯ ಕೈಬಿಡದಿರುವುದೇ ಕಾಯಕವು.

ಗೃಹಸ್ಥರಾದರೋ ಆರೋಗ್ಯವಿರುವಾಗಲೇ ತಮ್ಮ ಇಚ್ಛೆಯನ್ನು ಇಬ್ಬರು ಸಾಕ್ಷಿಗಳ ಹಾಗೂ ನೋಟರಿಯ ಸಮಕ್ಷಮ ಬರೆದಿಡುವುದು ಯುಕ್ತ. ಮಕ್ಕಳ ತಲೆಯ ಮೇಲಣ ಭಾರವನ್ನು ಇಳಿಸುವುದೂ ಹಿರಿಯರ ಧರ್ಮವಲ್ಲವೇ?