‘ನಂಗೇ ಇಷ್ಟ ಇಲ್ಲ’ ಎಂಬ ಉತ್ತರ

ಶಾಲೆ ಬಿಟ್ಟ ಮಕ್ಕಳ ಬಗ್ಗೆ ನಡೆಯುವ ಸಮೀಕ್ಷೆಗಳಲ್ಲಿ ‘ಯಾಕೆ ಬಿಟ್ಟೆ’ ಎಂಬ ಪ್ರಶ್ನೆಯ ಕೆಳಗೆ ಕಾರಣಗಳ ಪಟ್ಟಿ ಇರುತ್ತದೆ. ಶಾಲೆ ದೂರ, ಮನೆಗೆಲಸ, ದುಡ್ಡಿನ ತೊಂದರೆ, ಮದುವೆ. ಇವುಗಳ ಜೊತೆಗೆ ‘ಓದಿನಲ್ಲಿ ಆಸಕ್ತಿ ಇಲ್ಲ’ ಎಂಬುದೂ ಇರುತ್ತದೆ. ಅಲ್ಲಿ ಟಿಕ್ ಬಿದ್ದರೆ ಎಲ್ಲರಿಗೂ ನಿರಾಳ. ಅಪ್ಪನ ತಪ್ಪಿಲ್ಲ, ಸರ್ಕಾರದ ತಪ್ಪಿಲ್ಲ, ಹುಡುಗಿಗೇ ಬೇಡವಾಯಿತು ಅಷ್ಟೆ. ಬೇಡ ಅಂದವಳನ್ನು ಬಲವಂತ ಮಾಡಲು ನಾವ್ಯಾರು?

ಆದರೆ ಆ ‘ಬೇಡ’ ಎಲ್ಲಿಂದ ಬಂತು? ತನಗೇನು ಬೇಕು, ಏನು ಬೇಡ ಎಂದು ಹೆಣ್ಣುಮಗಳೊಬ್ಬಳು ಹೇಳಿದ್ದನ್ನು ಎಷ್ಟರಮಟ್ಟಿಗೆ ಅವಳದೇ ಮಾತೆಂದು ನಂಬಬಹುದು? ಈ ಪ್ರಶ್ನೆಯನ್ನು ತತ್ತ್ವಜ್ಞರು ನಾಲ್ಕು ದಶಕಗಳಿಂದ ಜಗ್ಗಾಡುತ್ತಿದ್ದಾರೆ. ಸಿಗುವಷ್ಟಕ್ಕೇ ತನ್ನನ್ನು ಕುಗ್ಗಿಸಿಕೊಂಡ ಇಂಥ ಬಯಕೆಗೆ ‘ಹೊಂದಿಕೊಂಡ ಬಯಕೆ’ ಎಂದು ಹೆಸರಿಡೋಣ.

ಅಮರ್ತ್ಯ ಸೇನ್ ಎತ್ತಿ ತೋರಿಸುವ ಹಳೆಯ ಸಮೀಕ್ಷೆಯೊಂದಿದೆ. ಬಂಗಾಳದ ಮಹಾಕ್ಷಾಮದ ಮರುವರ್ಷ, 1944ರಲ್ಲಿ, ಕಲ್ಕತ್ತಾ ಹತ್ತಿರದ ಸಿಂಗೂರಿನಲ್ಲಿ ಹೆಂಡತಿ ಸತ್ತ ಗಂಡಸರನ್ನೂ ಗಂಡ ಸತ್ತ ಹೆಂಗಸರನ್ನೂ ಅವರವರ ಆರೋಗ್ಯದ ಬಗ್ಗೆ ವಿಚಾರಿಸಲಾಯಿತು. ಗಂಡಸರಲ್ಲಿ ನೂರಕ್ಕೆ 48.5 ಮಂದಿ ಕಾಯಿಲೆ ಎಂದರು, ಇಲ್ಲವೇ ‘ಏನೋ ಸುಮಾರಾಗಿದ್ದೇನೆ’ ಎಂದರು. ವಿಧವೆಯರಲ್ಲಿ ಹಾಗೆಂದವರು ನೂರಕ್ಕೆ 2.5. ಅದರಲ್ಲೂ ಬರೀ ‘ಸುಮಾರು’ ಎಂಬ ಉತ್ತರವನ್ನಷ್ಟೇ ತೆಗೆದುಕೊಂಡರೆ ಗಂಡಸರು 45.6, ಹೆಂಗಸರು ಸೊನ್ನೆ. ಒಬ್ಬಳೂ ಇಲ್ಲ! ಕ್ಷಾಮ ಕಂಡ ಊರಿನಲ್ಲಿ ವಿಧವೆಯರು ಗಂಡಸರಿಗಿಂತ ಗಟ್ಟಿಮುಟ್ಟಾಗಿದ್ದರು ಎಂದು ಯಾರಾದರೂ ನಂಬುತ್ತಾರೆಯೇ? ‘ಸುಮಾರು’ ಅನ್ನಬೇಕಾದರೆ ಇದಕ್ಕಿಂತ ಚೆನ್ನಾಗಿರಬಹುದಿತ್ತು, ಚೆನ್ನಾಗಿರುವುದು ನನಗೂ ಸಲ್ಲಬೇಕಾದದ್ದು ಎಂಬ ಅಂದಾಜು ಒಳಗೆಲ್ಲೋ ಇರಬೇಕು. ಆ ಅಂದಾಜನ್ನೇ ಆ ಹೆಂಗಸರಿಗೆ ಯಾರೂ ಕೊಟ್ಟಿರಲಿಲ್ಲ.

ಸಿಂಗೂರಿಗೇ ಹೋಗಬೇಕಿಲ್ಲ. ಊಟಕ್ಕೆ ಕೂತಾಗ ಕೆನೆಮೊಸರು ಅಣ್ಣನ ತಟ್ಟೆಗೆ ಬೀಳುತ್ತದೆ, ತಂಗಿಗೆ ತಳದ ನೀರುಮೊಸರು. ಮೊದಮೊದಲು ಅವಳು ಮುಖ ಊದಿಸುತ್ತಾಳೆ. ಕ್ರಮೇಣ ‘ನಂಗೆ ಕೆನೆ ಸೇರಲ್ಲಮ್ಮ’ ಅನ್ನತೊಡಗುತ್ತಾಳೆ. ಗಮನಿಸಬೇಕಾದ್ದು ಇದು: ಅವಳು ಸುಳ್ಳು ಹೇಳುತ್ತಿಲ್ಲ. ನಿಜಕ್ಕೂ ಅವಳಿಗದು ಸೇರುವುದಿಲ್ಲ. ಬೇಕೆಂದು ಕೇಳಿ ಸಿಗದೇ ಹೋಗುವ ನೋವಿಗಿಂತ ಬೇಡವೆಂದುಕೊಳ್ಳುವುದು ಸುಲಭವೆಂದು ಮನಸ್ಸು ತನಗೆ ಗೊತ್ತಿಲ್ಲದಂತೆಯೇ ಲೆಕ್ಕ ಹಾಕಿರುತ್ತದೆ. ನಾರ್ವೆಯ ಚಿಂತಕ ಯೋನ್ ಎಲ್ಸ್ಟರ್ 1983ರಲ್ಲಿ ಇದರ ಬಗ್ಗೆ ಪುಸ್ತಕ ಬರೆದಾಗ ನಮಗೆಲ್ಲ ಗೊತ್ತಿರುವ ನರಿಯ ಹುಳಿ ದ್ರಾಕ್ಷಿಯನ್ನೇ ಶೀರ್ಷಿಕೆ ಮಾಡಿಕೊಂಡ. ನನ್ನ ತಕರಾರು ಒಂದೇ. ನರಿ ಹಾರಿ ನೋಡಿ ಸೋತಿತ್ತು. ನಮ್ಮ ಎಷ್ಟೋ ಹುಡುಗಿಯರಿಗೆ ಬಳ್ಳಿಯ ಕಡೆ ಕತ್ತೆತ್ತುವುದೇ ಹೆಣ್ಣುಮಕ್ಕಳ ಲಕ್ಷಣವಲ್ಲವೆಂದು ಕಲಿಸಿರುತ್ತೇವೆ.

ಈ ಹೊಂದಿಕೊಳ್ಳುವಿಕೆ ಮೊಸರಿಗೇ ನಿಲ್ಲುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಏಳು ಸಂದರ್ಭಗಳನ್ನು ಹೆಸರಿಸಿ, ಅಂಥ ಹೊತ್ತಿನಲ್ಲಿ ಗಂಡ ಹೆಂಡತಿಗೆ ಹೊಡೆಯುವುದು ಸರಿಯೇ ಎಂದು ಕೇಳಿದ್ದರು. ಒಂದಕ್ಕಾದರೂ ‘ಸರಿ’ ಎಂದ ಹೆಂಗಸರು ಕರ್ನಾಟಕದಲ್ಲಿ ನೂರಕ್ಕೆ ಸುಮಾರು 77. ಗಂಡಸರು ಸುಮಾರು 82. ಹೆಂಗಸರಿಗೆ ಏಟು ಇಷ್ಟ ಎಂದು ಇದರರ್ಥವೇ?

ಹಾಗಾದರೆ ಒಬ್ಬ ಹೆಣ್ಣುಮಗಳ ಬಾಳು ಚೆನ್ನಾಗಿದೆಯೋ ಇಲ್ಲವೋ ಎಂದು ಯಾವುದರಿಂದ ಅಳೆಯಬೇಕು? ‘ಖುಷಿಯಾಗಿದ್ದೀಯಾ’ ಎಂಬ ಪ್ರಶ್ನೆ ಕೈಕೊಡುತ್ತದೆ. ಎಷ್ಟು ಕೊಟ್ಟೆವು ಎಂಬ ಲೆಕ್ಕವೂ ಸಾಲದು. 1979ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮಾಡಿದ ಭಾಷಣದಲ್ಲಿ ಸೇನ್ ‘ಸಮಾನತೆ ಎಂದರೆ ಯಾವುದರಲ್ಲಿ ಸಮಾನತೆ’ ಎಂದು ಕೇಳಿ, ಒಬ್ಬ ವ್ಯಕ್ತಿ ಏನಾಗಬಲ್ಲಳು, ಏನು ಮಾಡಬಲ್ಲಳು ಎಂಬ ಅಳತೆಯನ್ನು ಮುಂದಿಟ್ಟರು. ಇದಕ್ಕೇ ಸಾಮರ್ಥ್ಯ ಸಿದ್ಧಾಂತ ಎನ್ನುವುದು. ತತ್ತ್ವಜ್ಞೆ ಮಾರ್ಥಾ ನುಸ್‌ಬಾಮ್ ಅದನ್ನು ಮುಂದೆ ಭಾರತದ ಹೆಣ್ಣುಮಕ್ಕಳ ಬದುಕಿಗೇ ಹಚ್ಚಿ ಬೆಳೆಸಿದರು. ಸೇನ್ ಕೊಡುವ ಉದಾಹರಣೆ ಸೈಕಲ್ಲಿನದು. ಸೈಕಲ್ ಒಂದು ವಸ್ತು, ಓಡಾಟ ಒಂದು ಸಾಮರ್ಥ್ಯ. ವಸ್ತು ಸಾಮರ್ಥ್ಯವಾಗಬೇಕಾದರೆ ಮೈಯಲ್ಲಿ ಕಸುವು ಬೇಕು, ರಸ್ತೆ ಬೇಕು. ಜೊತೆಗೆ, ಹುಡುಗಿ ಸೈಕಲ್ ಹೊಡೆದರೆ ಆಡಿಕೊಳ್ಳದ ಊರೂ ಬೇಕು ಎಂದು ನಾನು ಸೇರಿಸುತ್ತೇನೆ.

ಬಿಹಾರ ಸರ್ಕಾರ 2006ರಲ್ಲಿ ಒಂಬತ್ತನೇ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ಲಿಗೆಂದು ದುಡ್ಡು ಕೊಡತೊಡಗಿತು. ನಮ್ಮಲ್ಲೂ ಎಂಟನೇ ತರಗತಿಗೆ ಸೈಕಲ್ ಬಂದದ್ದು ಅದೇ ಕಾಲಕ್ಕೆ. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಬಿಹಾರದ ಯೋಜನೆಯನ್ನು ಅಧ್ಯಯನ ಮಾಡಿದಾಗ ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತ್ತು. ಹುಡುಗ ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಇಳಿದಿತ್ತು. ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲೇ ಹೆಚ್ಚು ಫಲ. ಯೋಜನೆ ಕೊಟ್ಟದ್ದು ಬುದ್ಧಿವಾದವನ್ನಲ್ಲ, ಸೈಕಲ್ಲನ್ನು. ಒಬ್ಬಳಿಗಲ್ಲದೆ ಇಡೀ ತರಗತಿಗೆ ಕೊಟ್ಟದ್ದರಿಂದ ಹುಡುಗಿಯರು ಗುಂಪಾಗಿ ಹೊರಟರು, ಆಡಿಕೊಳ್ಳುವವರ ಬಾಯಿಗೂ ಬೀಗ ಬಿತ್ತು. ‘ಆಸಕ್ತಿ ಇಲ್ಲ’ ಎಂಬುದರಲ್ಲಿ ಎಷ್ಟು ಪಾಲು ಬರೀ ದೂರದ ಭಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಆದರೆ ‘ಹೊಂದಿಕೊಂಡ ಬಯಕೆ’ ಎಂಬ ಪರಿಕಲ್ಪನೆಗೆ ಇನ್ನೊಂದು ಅಲಗೂ ಇದೆ. ‘ನಿನಗೇನು ಬೇಕೆಂದು ನಿನಗೇ ಗೊತ್ತಿಲ್ಲ’ ಎಂದು ಹೆಂಗಸರಿಗೆ ಹೇಳುತ್ತ ಬಂದವರೇನು ಕಡಿಮೆಯೇ? ಅಪ್ಪ, ಗಂಡ, ಮಠ ಎಲ್ಲ ಹೇಳಿಯಾಗಿದೆ. ಈಗ ತತ್ತ್ವಜ್ಞರೂ ಸೇರಿಕೊಂಡರೆ ಅವಳಿಗೆ ಆದ ಲಾಭವೇನು? ಸ್ತ್ರೀವಾದಿ ಚಿಂತಕಿ ಉಮಾ ನಾರಾಯಣ್ ಎತ್ತಿದ ಆಕ್ಷೇಪ ಹೆಚ್ಚುಕಡಿಮೆ ಇದೇ. ಹೆಂಗಸರು ಕಣ್ಣುಮುಚ್ಚಿ ಒಪ್ಪುವವರಲ್ಲ, ಇರುವ ದಾರಿಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ ತೆರಬೇಕೆಂದು ತೂಗಿಯೇ ನಡೆಯುತ್ತಾರೆ. ಸಮಾಜವಿಜ್ಞಾನಿ ಡೆನಿಜ್ ಕಂಡಿಯೋಟಿ 1988ರ ಪ್ರಬಂಧವೊಂದರಲ್ಲಿ ಇದನ್ನು ಗಂಡಾಳಿಕೆಯ ಜೊತೆ ನಡೆಸುವ ಚೌಕಾಸಿ ಎಂದೇ ಕರೆದರು.

ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಗಳಲ್ಲಿ ಈ ಚೌಕಾಸಿಯನ್ನು ಕಣ್ಣಾರೆ ನೋಡಬಹುದು. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ತಿದ್ದಿತು, ಆಗಿನ್ನೂ ಮದುವೆಯಾಗಿರದವರಿಗೆ ಮಾತ್ರ. 2005ರಲ್ಲಿ ಮದುವೆಯಾದವರನ್ನೂ ಸೇರಿಸಿ ಆ ಹಕ್ಕು ದೇಶಕ್ಕೆಲ್ಲ ಬಂತು. ಆದರೂ ಅಕ್ಕತಂಗಿಯರು ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಹೋಗುತ್ತಾರೆ. ಕೇಳಿದರೆ ‘ನಂಗೇ ಬೇಡ, ಅಣ್ಣ ಚೆನ್ನಾಗಿರ್ಲಿ’ ಎಂಬ ಉತ್ತರ. ಇದನ್ನು ಹೊಂದಿಕೊಂಡ ಬಯಕೆ ಎಂದು ಷರಾ ಬರೆದುಬಿಡಲು ನನಗೆ ಮನಸ್ಸಿಲ್ಲ. ಎರಡು ಎಕರೆ ಒಂದು ಕಡೆ, ಗಂಡನ ಮನೆಯಲ್ಲಿ ಹೆಚ್ಚುಕಡಿಮೆಯಾದರೆ ಬಂದು ನಿಲ್ಲಲು ತವರಿನ ಬಾಗಿಲು ಇನ್ನೊಂದು ಕಡೆ. ಅವಳು ತೂಗಿ ನೋಡಿಯೇ ಸಹಿ ಹಾಕಿದ್ದಾಳೆ. ಅವಳ ಬುದ್ಧಿಯಲ್ಲಿ ಕೊರತೆಯಿಲ್ಲ. ಹಕ್ಕು ಕೇಳಿದರೆ ತವರು ತಪ್ಪುತ್ತದೆ ಎಂಬ ಷರತ್ತೇ ಅನ್ಯಾಯ, ಅದನ್ನು ಹಾಕಿದ್ದು ಅವಳಲ್ಲ.

ನಿಮ್ಮ ಮನೆಯಲ್ಲೂ ಅಂಥ ಪತ್ರ ತಯಾರಾಗುತ್ತಿದ್ದರೆ, ಸಹಿ ಹಾಕಲಿ ಬಿಡಲಿ ಗೌರಿಹಬ್ಬದ ಬಾಗಿನ ತಪ್ಪುವುದಿಲ್ಲ ಎಂದು ತಂಗಿಗೆ ಮೊದಲೇ ಬಾಯಿಬಿಟ್ಟು ಹೇಳಿ. ಆಮೇಲೆ ಪೆನ್ನು ಕೊಡಿ.