ನಿದ್ದೆಗೆ ಸಾಕ್ಷಿ ಯಾರು?

‘ರಾತ್ರಿ ಚೆನ್ನಾಗಿ ನಿದ್ದೆ ಬಂತು, ಏನೂ ಗೊತ್ತಾಗಲಿಲ್ಲ’ ಎಂದು ಸಲೀಸಾಗಿ ಹೇಳುತ್ತೇವೆ. ಏನೂ ಗೊತ್ತಾಗದಿದ್ದ ಮೇಲೆ, ಚೆನ್ನಾಗಿತ್ತು ಎಂಬುದು ಮಾತ್ರ ಗೊತ್ತಾದದ್ದು ಹೇಗೆ? ಅದ್ವೈತಿಗಳ ಪ್ರಕಾರ ಅದು ನೆನಪು. ಅನುಭವವಿಲ್ಲದೆ ನೆನಪಿಲ್ಲ, ಹಾಗಾಗಿ ಗಾಢನಿದ್ದೆಯಲ್ಲೂ ಒಂದು ಸಾಕ್ಷಿ ಇದ್ದೇ ಇತ್ತು. ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ಎದ್ದಾಗ ಮೈ ಹಗುರವಾಗಿದೆ, ಆದ್ದರಿಂದ ನಿದ್ದೆ ಚೆನ್ನಾಗಿದ್ದಿರಬೇಕು ಎಂದು ಊಹಿಸುತ್ತೇವೆ, ಅಷ್ಟೇ.

ಪಿಎಚ್‌ಡಿಗಾಗಿ ಈ ವಾದಗಳನ್ನು ಓದುತ್ತಿರುವ ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ನಿದ್ರಾ ಕ್ಲಿನಿಕ್ಕಿನಲ್ಲಿ ಅನುಮತಿ ಪಡೆದು ಕೆಲವು ವಾರ ಕೂತಿದ್ದೆ. ಶ್ವಾಸಕೋಶದವರು, ಕಿವಿ ಮೂಗು ಗಂಟಲಿನವರು, ನರರೋಗದವರು, ಮನೋವೈದ್ಯರು ಒಟ್ಟಿಗೆ ಕೂತು ನೋಡುವ ಜಾಗ ಅದು. ಸಾಕ್ಷಿ ಯಾರು ಎಂಬುದು ಅಲ್ಲಿ ದಿನನಿತ್ಯದ ಪ್ರಶ್ನೆ.

‘ನನಗೇನಾಗಿದೆ, ದಿಂಬಿಗೆ ತಲೆ ಕೊಟ್ಟರೆ ನಿದ್ದೆ’ ಎನ್ನುವ ಗಂಡಸರು ಬರುತ್ತಾರೆ. ಕರೆತಂದಿರುವುದು ಹೆಂಡತಿ. ಗೊರಕೆ ತಟ್ಟನೆ ನಿಂತಾಗ ಮೂಗಿನ ಹತ್ತಿರ ಬೆರಳು ಹಿಡಿದು ನೋಡುವವರು ಅವರು. ರಾತ್ರಿಯಿಡೀ ತಲೆ, ಎದೆ, ಮೂಗು, ಬೆರಳಿಗೆಲ್ಲ ತಂತಿ ಹಚ್ಚಿ ನೋಡಿದರೆ, ಗಂಟೆಗೆ 30ಕ್ಕೂ ಹೆಚ್ಚು ಸಲ ಉಸಿರು ಕಟ್ಟಿರುವುದೋ ಕ್ಷೀಣಿಸಿರುವುದೋ ಕಾಣುತ್ತದೆ. ಪ್ರತಿ ಸಲವೂ ಕನಿಷ್ಠ 10 ಸೆಕೆಂಡು. ಮಲಗಿದವನ ಮಾತು ಬಿದ್ದುಹೋಗುತ್ತದೆ, ಯಂತ್ರ ಗೆಲ್ಲುತ್ತದೆ. ಗೆಲ್ಲಲೇಬೇಕು, ಪ್ರಾಣದ ಪ್ರಶ್ನೆ. (ಅಷ್ಟು ವರ್ಷ ನಿದ್ದೆಗೆಟ್ಟ ಹೆಂಡತಿಯ ಹೆಸರಿನಲ್ಲಿ ಮಾತ್ರ ಚೀಟಿಯೇ ಇರುವುದಿಲ್ಲ.)

ಇದರ ತಿರುಗುಮುರುಗು ಪ್ರಕರಣ ನನ್ನನ್ನು ಹೆಚ್ಚು ಕಾಡಿತು. ಐವತ್ತು ದಾಟಿದ ಒಬ್ಬ ತಾಯಿ ಮಗನೊಂದಿಗೆ ಬಂದಿದ್ದರು. ರೆಪ್ಪೆಗೆ ರೆಪ್ಪೆ ಅಂಟಿ ತಿಂಗಳುಗಳಾದವು ಎಂಬುದು ಅವರ ದೂರು. ತಂತಿ ಹಚ್ಚಿಸಿಕೊಂಡು ಮಲಗಿದ ರಾತ್ರಿಯೂ ನಿದ್ದೆ ಬರಲಿಲ್ಲ ಎಂದರು. ಯಂತ್ರದ ಲೆಕ್ಕದಲ್ಲಿ ಸುಮಾರು ಆರು ಗಂಟೆ ನಿದ್ದೆ.

‘ನಿದ್ದೆ ಬಂದಿದೆ ಅಮ್ಮ, ಹೆದರಬೇಡಿ’ ಎಂದು ಕಿರಿಯ ವೈದ್ಯರು ಒಳ್ಳೆಯ ಸುದ್ದಿ ಕೊಟ್ಟಂತೆ ಹೇಳಿದರು.

‘ಹಂಗಾದ್ರೆ ನಾನು ಸುಳ್ಳು ಹೇಳ್ತಾ ಇದ್ದೀನಾ ಸಾರ್?’

ಮಗ ‘ನಾನು ಹೇಳಿರಲಿಲ್ವಾ’ ಎನ್ನುವಂತೆ ಅಮ್ಮನತ್ತ ನೋಡಿದ. ಆ ವರದಿ ಮನೆಗೆ ಹೋದ ಮೇಲೆ ಯಾರ ಕೈಯಲ್ಲಿ ಏನಾಗುತ್ತದೆ ಎಂದು ನಾನು ಯೋಚಿಸುತ್ತಿದ್ದೆ.

ಯಂತ್ರದ ಸಾಕ್ಷ್ಯವೂ ಒಂದು ಏರ್ಪಾಡು. ರಾತ್ರಿಯನ್ನು 30 ಸೆಕೆಂಡುಗಳ ತುಂಡುಗಳಾಗಿ ಕತ್ತರಿಸುತ್ತಾರೆ. ತುಂಡಿನ ಹೆಚ್ಚಿನ ಪಾಲು ನಿದ್ದೆಯಾಗಿದ್ದರೆ ಇಡೀ ತುಂಡು ನಿದ್ದೆ. ಹತ್ತು ಸೆಕೆಂಡಿನ ಎಚ್ಚರಕ್ಕೆ ಆ ಲೆಕ್ಕದಲ್ಲಿ ಜಾಗವಿಲ್ಲ. 30 ಎಂಬ ಸಂಖ್ಯೆ ಬಂದದ್ದು ಹಳೆಯ ಕಾಗದದಿಂದ: ಸೆಕೆಂಡಿಗೆ 10 ಮಿಲಿಮೀಟರಿನಂತೆ ಓಡುವ ಕಾಗದದಲ್ಲಿ 30 ಸೆಂಟಿಮೀಟರಿನ ಒಂದು ಪುಟ. ನಮ್ಮ ನಿದ್ದೆಯ ಅಳತೆಗೋಲು ಪುಟದ ಅಗಲ ಎಂದು ತಿಳಿದಾಗ ನಗು ಬಂತು.

ಹಾಗಂತ ಯಂತ್ರ ಸುಳ್ಳು ಎನ್ನಲಾರೆ. ಆ ತಾಯಿಯ ಮಾತನ್ನು ಅಕ್ಷರಶಃ ನಂಬಿದರೆ ಸಿಗುವುದು ನಿದ್ದೆಮಾತ್ರೆ, ಆಮೇಲೆ ಇನ್ನಷ್ಟು ಮಾತ್ರೆ. ನಿದ್ದೆ ಬರುತ್ತಿದೆ ಎಂದು ತಿಳಿದರೆ ಕೆಲವರ ಭಯ ಇಳಿಯುವುದೂ ನಿಜ. ಸತ್ಯವನ್ನು ಮುಚ್ಚಿಡುವುದು ಕರುಣೆಯಲ್ಲ. ಆದರೆ ಅವರು ಹೇಳಿದ್ದು ಮೆದುಳಿನ ಅಲೆಗಳ ಬಗ್ಗೆ ಅಲ್ಲವಲ್ಲ. ತಾವು ಕಳೆದ ರಾತ್ರಿಯ ಬಗ್ಗೆ. ಮೊದಲನೆಯದನ್ನು ತಿದ್ದುವ ಹಕ್ಕು ಯಂತ್ರಕ್ಕಿದೆ, ಎರಡನೆಯದನ್ನು ತಿದ್ದಲು ಅದು ಆ ರಾತ್ರಿಯನ್ನು ಕಳೆದೇ ಇಲ್ಲ. ಉಸಿರು ಕಟ್ಟುವವನ ಮಾತನ್ನು ತಳ್ಳಿಹಾಕಿದರೆ ಅವನಿಗೆ ಜೀವ ಸಿಗುತ್ತದೆ. ಇವರ ಮಾತನ್ನು ತಳ್ಳಿಹಾಕಿದರೆ ಸಿಗುವುದೇನು?

ಮನೋವೈದ್ಯೆ ವರದಿಯನ್ನು ಪಕ್ಕಕ್ಕಿಟ್ಟರು. ‘ಎಚ್ಚರವಾಗಿದ್ದಾಗ ಏನೇನು ಕೇಳಿಸ್ತಿರುತ್ತೆ ಅಮ್ಮ?’

ಪಕ್ಕದ ಮನೆಯ ನೀರಿನ ಮೋಟಾರು, ನಾಯಿಗಳು, ಎರಡು ಗಂಟೆಗೆ ಕೆಲಸ ಮುಗಿಸಿ ಬರುವ ಮಗನ ಬೈಕು, ಗೇಟಿನ ಚಿಲಕ. ‘ಅದು ಹಾಕ್ಕೊಂಡ ಸದ್ದು ಕೇಳೋವರೆಗೂ…’ ಎಂದು ನಿಲ್ಲಿಸಿದರು. ಮಗ ಏನೂ ಅನ್ನಲಿಲ್ಲ. ವೈದ್ಯೆ ಎರಡು ವಾರದ ನಿದ್ದೆ ಡೈರಿ ಬರೆಯಲು ಹೇಳಿ, ಹಾಳೆಗಳನ್ನು ತಾಯಿಯ ಕೈಗೇ ಕೊಟ್ಟರು.